ಇಪ್ಪತ್ನಾಲ್ಕು ಮನಿ ಕನ್ನಡಿ

ಆಕಾಶ ಅಳತಿ ಮಾಡಾಕ ಮ್ಯಾಲೆ ನೋಡಬಾರದು,
ಕೆಳಗ ನೋಡಬೇಕು.
ಅಂಗೈಯಗಲದ ಉಬ್ಬುಗನ್ನಡಿ,
ಅದರ ಮ್ಯಾಲೆ ಗೀರಿದ ಇಪ್ಪತ್ನಾಲ್ಕು ಮನಿ.
ಚೌಕಾಬಾರಕ್ಕಿಂತ ಒಂದು ಕಡಿಮಿ.
ಗೋಕಾಕದ ಶಾಹೀನಾ ಮೇಡಂ ಕಲಿಸಿದ್ದು:
'ಮೊಣಕೈ ಪಕ್ಕಡಿಗೆ ಹಚ್ಚಿ ಹಿಡೀರಿ, ನೀರಿನ ಗುಳ್ಳಿ ನಡುವ ನಿಲ್ಲಲಿ,
ಎಷ್ಟು ಮನಿಯಾಗ ಎಲಿ, ಎಷ್ಟರಾಗ ಬಯಲು
ಎಣಿಸಿ ಕೂಗ್ರಿ ತವನಪ್ಪಣ್ಣ, ಬರಕೋತೀನಿ.'

ಕೂಗತೀನಿ.
ನಾಗರಗಾಳಿಯ ಇದೇ ಇಳಿಜಾರಿನಾಗ
ಮೂವತ್ತೆಂಟು ವರ್ಷದ ಹಿಂದೂ ಕೂಗಿದ್ದೆ,
ಸರೀರೋ, ಬಿತ್ತೂ ಅಂತ.
ಆಗ ಕೈಯಾಗ ಇದ್ದದ್ದು ಕನ್ನಡಿ ಅಲ್ಲ.
ಇದು ಮೇಡಂಗ ಗೊತ್ತಿಲ್ಲ.
ಗೊತ್ತಿದ್ದರೂ ಕೇಳಿಲ್ಲ.

ಮೊದಲ ಚೌಕ ಸಾಗವಾನಿಯೊಳಗ.
ನಾವು ಕಡಿದ ಮ್ಯಾಲೆ ಇಲಾಖೆಯವರು ಹಚ್ಚಿದ್ದು,
ಸಾಲಿಗೆ ಸಾಲು, ಎತ್ತರಕ್ಕ ಎತ್ತರ,
ಪೊಲೀಸ್ ಪರೇಡ್ ನಿಂತಂಗ.
ಕನ್ನಡಿಯಾಗ ಇಪ್ಪತ್ನಾಲ್ಕೂ ಮನಿ ಒಂದೇ ಬಣ್ಣ.
ಕೆಳಗ ಹಪ್ಪಳದಂಥ ಎಲಿ, ಕಾಲಿಟ್ಟರ ಕರಕರ.
ಮಳಿಗಾಲದಾಗ ಆ ಅಗಲ ಎಲಿಯಿಂದ ಬೀಳೂ ದಪ್ಪ ಹನಿ
ಮಣ್ಣಿಗೆ ತೂತು ಹೊಡೀತಾವ.
ಎರಡು ತರದ ಹುಲ್ಲು, ಒಂದು ಲಂಟಾನ.
ಮೇಡಂ ಪೆನ್ನು ನಿಂತಬಿಟ್ಟಿತು.

ಎರಡನೇ ಚೌಕ ನಾಲಾ ದಾಟಿ ಮ್ಯಾಲೆ,
ಯಾರೂ ಏನೂ ಹಚ್ಚದ ಜಾಗ.
ಲಾರಿ ಹತ್ತದ ಏರು, ಗುತ್ತಿಗೆ ಮುಗಿದ ವರ್ಷ,
ಹಂಗಽ ಬಿಟ್ಟು ಬಂದಿದ್ವಿ.
ಬೊಡ್ಡಿ ತಾವಽ ಚಿಗತವು, ಹಕ್ಕಿ ತಂದದ್ದು ಮೊಳತು,
ಅವವು ತಮಗ ತಿಳಿದಷ್ಟು ಎತ್ತರಕ್ಕ ಹೋದವು.
ನಡುವ ಒಂದು ಹಳೇ ಮತ್ತಿ,
ಮೊಸಳಿ ಮೈಯಂಥ ತೊಗಟಿ.

ಇದನ್ನ ನೋಡಿ ನಿಂತೆ.
ಕೊಡಲಿ ಬೆನ್ನಿಲೆ ಬಡದು ಕೇಳಿದ್ದು ನಾನಽ.
ಡೊಳ್ಳಿನಂಗ ಬೊಂಯ್ ಅಂದಿತ್ತು.
'ಪೊಳ್ಳು. ದರಾ ಬರೂದಿಲ್ಲ' ಅಂದ ಮುಕಾದಮ.
ಬಿಟ್ಟೆ.
ಉಳಿಸಿದೆ ಅಂತ ಹೇಳಬಹುದಿತ್ತು ಈಗ;
ನಾಲಿಗಿ ತುದಿತನಕ ಬಂತು, ನುಂಗಿದೆ.

ಆ ಪೊಳ್ಳಿನಾಗ ಮಂಗಟ್ಟಿ ಹಕ್ಕಿ ಸಂಸಾರ.
ಅತ್ತಿ, ಆಲ, ನನಗ ಹೆಸರು ಬರದ ಹಣ್ಣು ತಿಂದು
ಟೊಂಗಿ ಮ್ಯಾಲೆ ಕುಂತು ಉಗುಳಿದ ಬೀಜ
ಬುಡದಾಗ ಗಿಡ ಆಗಿ ನಿಂತಾವ.
ಮತ್ತಿಯ ಸೊಂಟಕ್ಕ ನೇರಳಿ,
ನೇರಳಿ ಮೊಣಕಾಲಿಗೆ ಕವಳಿ ಕಂಟಿ,
ಕವಳಿ ಮುಳ್ಳು ಹಿಡದು ಮ್ಯಾಲೇರೂದು
ಹಲವು ಮಕ್ಕಳ ತಾಯಿ ಬಳ್ಳಿ.
ಹ್ವಾದ ಆಷಾಢದ ಗಾಳಿಗೆ ಒಂದು ಟೊಂಗಿ ಮುರದಲ್ಲಿ
ಕಂಬಳಿ ಹಾಸಿದಷ್ಟು ಬಿಸಿಲು;
ಅದರಾಗ, ಎಷ್ಟು ವರ್ಷ ಕಾದು ಕುಂತಿದ್ದವೋ,
ಹೊನ್ನಿ ಸಸಿ ಏಳು,
ಗೇಣುದ್ದ.

'ನಮ್ಮ ಕಡೆ ಘಟಪ್ರಭಾ ಕಾಲವಿ ನೀರು ಹಿಂಗಽ' ಅಂದರು ಮೇಡಂ,
ಮೊಣಕಾಲೂರಿ ಎಲಿ ಹೊರಳಿಸಿ ನೋಡಕೋತ,
'ಪಾಳಿ ಇರತೈತಿ. ಒಬ್ಬರಿಗೆ ನಡುರಾತ್ರಿ, ಒಬ್ಬರಿಗೆ ನಸಕು.
ಇಲ್ಲಿ ಬಿಸಲಿಗೆ ಪಾಳಿ.
ಹಂಚೋದು ಮ್ಯಾಲಿನ ಟೊಂಗಿ.'
ಮೂವತ್ತೊಂದು ಜಾತಿ ಬರದರು.
ಹಾಳಿ ತಿರುವಿದರು. ಮತ್ತ ಎರಡು.

ನಾ ಕನ್ನಡಿ ಹಿಡದೀನಿ.
ಒಂದು ಮನಿಯಾಗ ದಟ್ಟ ಎಲಿ,
ಅದರ ಮಗ್ಗಲಾಗ ಹರಕು,
ಇನ್ನೊಂದರಾಗ ಮೂಲಿಗಷ್ಟ ನೀಲಿ,
ಮತ್ತೊಂದರಾಗಿಂದ ಮೋಡ ಹಾದು ಹೋತು.
ಎಣಿಕಿ ಎರಡು ಸಲ ತಪ್ಪಿತು.
ಬಗ್ಗಿದರ, ಕೆಳಗಿನ ಅಂಚಿಗೆ
ಟವಲು ಸುತ್ತಿದ ನನ್ನ ತಲಿ ಬಂದು
ಒಂದು ಪೂರಾ ಮನಿ ತಿಂದು ಕುಂದರತೈತಿ.
ಇದನ್ನ ಎಲಿ ಅಂತ ಕೂಗಲೋ,
ಬಯಲು ಅಂತ ಕೂಗಲೋ?

'ತವನಪ್ಪಣ್ಣ, ತುಸು ಹಿಂದ ಸರೀರಿ.'

ಸರದೆ.
ಆ ಮನಿಗೂ ಎಲಿ ಬಂತು.